ಇಳಿಯದ ದಣಿವು ಮತ್ತು ಆಯುರ್ವೇದ ಆರೈಕೆ: ಹೊರಡುವ ಮುನ್ನ ತಿಳಿದಿರಲಿ

ನಾಟಿ ಮುಗಿಯಿತು, ಕೊಯ್ಲೂ ಮುಗಿಯಿತು. ನಿಮ್ಮ ದಣಿವು ಮಾತ್ರ ಮುಗಿದಿಲ್ಲ. ರಾತ್ರಿಯಿಡೀ ಮಲಗಿದರೂ ಫಜ್ರ್‌ಗೆ ಏಳುವಾಗ ಮೈ ಭಾರ, ಮಧ್ಯಾಹ್ನದ ಹೊತ್ತಿಗೆ ತಲೆ ಮಂಕು, ಮಕ್ಕಳ ಮೇಲೆ ಕಾರಣವಿಲ್ಲದ ಸಿಟ್ಟು. ಕಾರಟಗಿಯ ಅಕ್ಕಿ ಗಿರಣಿಗಳಲ್ಲಿ ಮೂಟೆ ಹೊರುವವರಿಗೆ, ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ಬಗ್ಗಿ ನಾಟಿ ಮಾಡುವ ಹೆಣ್ಣುಮಕ್ಕಳಿಗೆ, ಅಂಗಡಿ ನಡೆಸುತ್ತಾ ಹಾಸಿಗೆ ಹಿಡಿದ ಹಿರಿಯರನ್ನೂ ನೋಡಿಕೊಳ್ಳುವವರಿಗೆ ಇದು ಹೊಸದಲ್ಲ. ಇಂಥವರ ಮೊಬೈಲಿಗೆ ಈಗ ಜಾಹೀರಾತು ಬರುತ್ತದೆ: ಏಳು ದಿನದ ಆಯುರ್ವೇದ ಶಿಬಿರ, ನಿಮಗಾಗಿಯೇ ರೂಪಿಸಿದ ಚಿಕಿತ್ಸೆ. ಹೋಗಬಹುದೇ? ಹೋಗಬಹುದು. ಆದರೆ ಹಣ ಕಟ್ಟುವ ಮೊದಲು ಒಂದು ಕೆಲಸವಿದೆ.

ದಣಿವು ಕಾಯಿಲೆಯ ಹೆಸರಲ್ಲ, ಕಾಯಿಲೆಯ ಸುಳಿವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಗರ್ಭಿಣಿಯಲ್ಲದ ಮಹಿಳೆಯ ಹಿಮೋಗ್ಲೋಬಿನ್ 12ಕ್ಕಿಂತ, ಪುರುಷನದು 13ಕ್ಕಿಂತ ಕಡಿಮೆಯಿದ್ದರೆ ಎಣ್ಣೆ ಮಾಲೀಷಿನಿಂದ ಅದು ಏರುವುದಿಲ್ಲ. ಥೈರಾಯ್ಡ್, ಸಕ್ಕರೆ, ಬಿ12 ಕೊರತೆ ಇವೂ ಹೀಗೆಯೇ ಬರುತ್ತವೆ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಇಳಿಯುವ ತೂಕ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆ ಉಚಿತ. ಯಾವುದರಲ್ಲೂ ಆಸಕ್ತಿ ಇಲ್ಲ, ಬದುಕೇ ಬೇಡವೆನಿಸುತ್ತದೆ ಎಂದಾದರೆ ಅದು ಈಮಾನಿನ ಕೊರತೆಯಲ್ಲ, ಚಿಕಿತ್ಸೆ ಇರುವ ಕಾಯಿಲೆ. ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಶಿಬಿರದ ಖರ್ಚಿನ ಮುಂದೆ ಈ ಪರೀಕ್ಷೆಗಳ ಖರ್ಚು ಏನೂ ಅಲ್ಲ. ಪರೀಕ್ಷೆ ಮಾಡಿಸದೆ ಶಿಬಿರಕ್ಕೆ ಹೋದರೆ ವಾರದ ವಿಶ್ರಾಂತಿಯಿಂದ ಸ್ವಲ್ಪ ಹಗುರಾಗಿ, ನಿಜವಾದ ರೋಗ ಒಳಗೇ ಬೆಳೆಯಬಹುದು.

ಈಗ 'ನಿಮಗಾಗಿಯೇ ರೂಪಿಸಿದ' ಎಂಬ ಮಾತು. ಆಯುರ್ವೇದದಲ್ಲಿ ಇದು ಹೊಸ ವ್ಯಾಪಾರದ ಪದವಲ್ಲ. ರೋಗಿಯ ಪ್ರಕೃತಿ, ವಯಸ್ಸು, ಜೀರ್ಣಶಕ್ತಿ, ಋತು, ಎಲ್ಲಕ್ಕಿಂತ ಮುಖ್ಯವಾಗಿ ದೇಹಬಲ ನೋಡಿಯೇ ಚಿಕಿತ್ಸೆ ಎಂಬುದು ಆ ಶಾಸ್ತ್ರದ ಮೂಲ ನಿಯಮ. ವಾಂತಿ, ಭೇದಿ ಮಾಡಿಸುವ ಶೋಧನಕ್ಕೆ ತೀರಾ ಬಲಹೀನರು ತಕ್ಕವರಲ್ಲ. ಅವರಿಗೆ ಮೊದಲು ಬಲ ತುಂಬಬೇಕು. ಶೋಧನದ ನಂತರವೂ ತಿಳಿ ಗಂಜಿಯಿಂದ ಗಟ್ಟಿ ಗಂಜಿಗೆ, ಆಮೇಲೆ ಬೇಳೆಯ ತಿಳಿಸಾರಿಗೆ, ಹೀಗೆ ಊಟಕ್ಕೆ ಮರಳಲು ಏಳು ದಿನದವರೆಗೆ ಪಥ್ಯವಿದೆ. ಹಾಗಿರುವಾಗ ಮೂರು ದಿನದಲ್ಲಿ 'ಡಿಟಾಕ್ಸ್' ಮುಗಿಸಿ ಬಸ್ಸು ಹತ್ತಿಸುವವರು ಯಾವ ಗ್ರಂಥ ಓದಿದ್ದಾರೋ! ಬಂದವರಿಗೆಲ್ಲ ಒಂದೇ ವೇಳಾಪಟ್ಟಿ ಕೊಡುವ ಕಡೆ ಹೆಸರಿಗೆ ಮಾತ್ರ ವೈಯಕ್ತಿಕ ಚಿಕಿತ್ಸೆ.

ಇನ್ನೊಂದು ಎಚ್ಚರ. ಕೆಲವರಿಗೆ ಸ್ವಲ್ಪ ಶ್ರಮಪಟ್ಟರೂ ಮರುದಿನ ಅಥವಾ ಅದರ ಮಾರನೆಯ ದಿನ ಏಳಲಾಗದಷ್ಟು ಸುಸ್ತಾಗುತ್ತದೆ, ಅದೂ ತಿಂಗಳುಗಟ್ಟಲೆ. ಇಂಥವರನ್ನು ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಒಂದು ಗಂಟೆ ಯೋಗ ಮಾಡಿಸಿದರೆ ಸ್ಥಿತಿ ಕೆಡುತ್ತದೆ. ಸುಸ್ತಾಗುವ ಮೊದಲೇ ನಿಲ್ಲಿಸುವುದು ಅವರಿಗೆ ಬೇಕಾದ ಪಾಠ. 'ಸೋಮಾರಿತನ ಬಿಡು' ಎಂಬ ಮಾತು ಮನೆಯಲ್ಲಿ ಬೇಡ, ಶಿಬಿರದಲ್ಲಂತೂ ಬೇಡವೇ ಬೇಡ.

ಎಲ್ಲಿಗೆ ಹೋಗುವುದು? ಕೇರಳಕ್ಕೇ ಹೋಗಬೇಕಿಲ್ಲ. ಕೊಪ್ಪಳದಲ್ಲಿ ಗವಿಸಿದ್ಧೇಶ್ವರ ಆಯುರ್ವೇದ ಕಾಲೇಜು, ಬಳ್ಳಾರಿಯಲ್ಲಿ ತಾರಾನಾಥ ಸರ್ಕಾರಿ ಆಯುರ್ವೇದ ಕಾಲೇಜು ಇವೆ. ಕೊಪ್ಪಳಕ್ಕೆ ಕಾರಟಗಿಯಿಂದ ಗಂಗಾವತಿ ಮಾರ್ಗವಾಗಿ ರೈಲೇ ಇದೆ. ಬಳ್ಳಾರಿಯ ಕಾಲೇಜಿಗೆ ಹೆಸರು ಕೊಟ್ಟ ಪಂಡಿತ ತಾರಾನಾಥರು ನಮ್ಮದೇ ಸೀಮೆಯಲ್ಲಿ ಬಾಳಿದ ವೈದ್ಯರು. ರಾಯಚೂರಿನಲ್ಲಿ ಶಾಲೆ ಕಟ್ಟಿ ಅದಕ್ಕೆ 'ಹಮ್‌ದರ್ದ್' ಎಂಬ ಉರ್ದು ಹೆಸರಿಟ್ಟರು, ತುಂಗಭದ್ರೆಯ ದಡದಲ್ಲಿ ಪ್ರೇಮಾಯತನ ಆಶ್ರಮ ನಡೆಸಿ ರೋಗಿಗಳನ್ನು ಉಪಚರಿಸಿದರು. ಹೊಳೆಯ ದಡದ ಆರೈಕೆ ಈ ನೆಲಕ್ಕೆ ಹಳೆಯದು.

ಎಲ್ಲಿಗೇ ಹೋದರೂ ವೈದ್ಯರ ನೋಂದಣಿ ಕೇಳಿ. ಮಹಿಳೆಯರಿಗೆ ಅಭ್ಯಂಗ ಮಾಡುವವರು ಮಹಿಳೆಯರೇ ಎಂದು ಖಚಿತಪಡಿಸಿಕೊಳ್ಳಿ; ಕೇಳಲು ಸಂಕೋಚ ಬೇಡ. ಗರ್ಭಿಣಿಯರು, ಹೃದ್ರೋಗಿಗಳು, ಹತೋಟಿಯಲ್ಲಿಲ್ಲದ ಬಿಪಿಯವರು ಇದನ್ನು ಮೊದಲೇ ತಿಳಿಸಬೇಕು. ಸಕ್ಕರೆ, ಥೈರಾಯ್ಡ್ ಮಾತ್ರೆಗಳನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಅಶ್ವಗಂಧ ದಣಿವಿಗೆ ಎಲ್ಲರೂ ಹೇಳುವ ಮದ್ದು, ಆದರೆ ಗರ್ಭಿಣಿಯರಿಗೆ ಅದು ಬೇಡ. ಥೈರಾಯ್ಡ್ ಅಥವಾ ಯಕೃತ್ತಿನ ತೊಂದರೆ ಇರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ನಮ್ಮವರು ಕೇಳಲೇಬೇಕಾದ ಪ್ರಶ್ನೆಯೂ ಒಂದಿದೆ. ಆಸವ, ಅರಿಷ್ಟಗಳು ಹುದುಗಿಸಿದ ಮದ್ದುಗಳು. ಅವುಗಳಲ್ಲಿ ತಾನಾಗಿ ಉಂಟಾದ ಆಲ್ಕೋಹಾಲ್ ಇರುತ್ತದೆ. ರಕ್ತಹೀನತೆಗೆ ಕೊಡುವ ಪುನರ್ನವಾ ಮಂಡೂರವನ್ನು ಗೋಮೂತ್ರದಲ್ಲಿ ಬೇಯಿಸಿ ತಯಾರಿಸುತ್ತಾರೆ. ಧರ್ಮದ ವಿಧಿಯನ್ನು ಆಲಿಮರಲ್ಲಿ ವಿಚಾರಿಸಿ, ನಿಮ್ಮ ಆಯ್ಕೆಯನ್ನು ವೈದ್ಯರಿಗೆ ಮೊದಲ ದಿನವೇ ಹೇಳಿ. ದಶಮೂಲಾರಿಷ್ಟದ ಬದಲು ದಶಮೂಲ ಕಷಾಯ, ಅಶ್ವಗಂಧಾರಿಷ್ಟದ ಬದಲು ಚೂರ್ಣ ಬರೆದುಕೊಡುವುದು ಅವರಿಗೆ ಕಷ್ಟವಲ್ಲ.

ಹಣವಿಲ್ಲದವರು ನಿರಾಶರಾಗಬೇಕಿಲ್ಲ. ಚರಕ ಸಂಹಿತೆ ಶ್ರಮ ಕಳೆಯುವ ಹತ್ತು ದ್ರವ್ಯಗಳನ್ನು ಹೇಳುತ್ತದೆ: ದ್ರಾಕ್ಷಿ, ಖರ್ಜೂರ, ದಾಳಿಂಬೆ, ಬೋರೆಹಣ್ಣು, ಅಂಜೂರ, ಕಬ್ಬು, ಜವೆಗೋಧಿ, ಅರವತ್ತು ದಿನಕ್ಕೆ ಬರುವ ಷಷ್ಟಿಕ ಅಕ್ಕಿ ಅದರಲ್ಲಿವೆ. ಖರ್ಜೂರ ನಮ್ಮ ಇಫ್ತಾರಿನದು, ದಾಳಿಂಬೆ ಕುಷ್ಟಗಿ ತೋಟದ್ದು. ಜವೆಗೋಧಿ ಹಿಟ್ಟಿನ ತಲ್ಬೀನಾ ರೋಗಿಯ ಹೃದಯಕ್ಕೆ ನೆಮ್ಮದಿ ಕೊಡುತ್ತದೆಂದು ಹದೀಸಿನಲ್ಲಿ ಬಂದಿದೆ. (ಸಕ್ಕರೆ ಕಾಯಿಲೆಯವರು ಖರ್ಜೂರ, ಕಬ್ಬಿನ ಹಾಲಿನಲ್ಲಿ ಹಿಡಿತವಿಡಿ.) ಆದರೆ ಆಹಾರಕ್ಕಿಂತ ಕಷ್ಟದ್ದು ಬಿಡುವು. ಎರಡು ವಾರ ನೀರು ಹೊರುವುದು, ಬಟ್ಟೆ ಒಗೆಯುವುದು, ಅತಿಥಿಗಳಿಗೆ ಅಡುಗೆ, ಇವನ್ನು ಮನೆಯ ಗಂಡಸರೂ ಮಕ್ಕಳೂ ಹಂಚಿಕೊಂಡರೆ, ಇಶಾ ಆದ ಮೇಲೆ ಮೊಬೈಲ್ ದೂರವಿಟ್ಟರೆ, ವಾರಕ್ಕೆರಡು ಸಲ ಎಳ್ಳೆಣ್ಣೆ ಹಚ್ಚಿ ಬಿಸಿನೀರು ಸ್ನಾನವಾದರೆ, ಶಿಬಿರ ಕೊಡುವುದರಲ್ಲಿ ದೊಡ್ಡ ಪಾಲು ಮನೆಯಲ್ಲೇ ಸಿಗುತ್ತದೆ. ಶಿಬಿರಕ್ಕೆ ಹೋಗಿ ಬಂದವಳಿಗೆ ಮರುದಿನವೇ ಇಪ್ಪತ್ತು ಜನರ ಅಡುಗೆ ಕಾದಿದ್ದರೆ ಆ ಹಣ ಹೋದಂತೆಯೇ.

ದಿನ ನಿಗದಿ ಮಾಡುವಾಗ ಪಥ್ಯದ ವಾರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಶಅಬಾನ್ ಕೊನೆಯಲ್ಲಿ ಶೋಧನ ಆರಂಭಿಸಿದರೆ ಪಥ್ಯ ರಮಝಾನ್ ಉಪವಾಸಕ್ಕೆ ತಾಗುತ್ತದೆ. ಹಾಗಾದರೆ ಪರೀಕ್ಷೆಗಳನ್ನು ಈಗಲೇ ಮಾಡಿಸಿ, ಚಿಕಿತ್ಸೆಯನ್ನು ಈದ್ ನಂತರಕ್ಕೆ ಇಟ್ಟುಕೊಳ್ಳಿ.