ಕುಡಿತ ಬಿಡಿಸುವ ಚಿಕಿತ್ಸೆ ಮತ್ತು ಆರೋಗ್ಯ ವಿಮೆ



ಬೆಳೆ ವಿಮೆಯ ವ್ಯವಹಾರ ನಿಮಗೆ ಹೊಸದಲ್ಲ. ರಾಗಿಗೆ ಕಂತು ಕಟ್ಟಿದವರು ಟೊಮೆಟೊ ಕೊಳೆಯಿತೆಂದು ಪರಿಹಾರ ಕೇಳುವಂತಿಲ್ಲ. ಯಾವ ಬೆಳೆ, ಯಾವ ತಾರೀಖಿನೊಳಗೆ ಎಂಬುದು ಮೊದಲೇ ಗೊತ್ತಾಗಿರುತ್ತದೆ. ಆರೋಗ್ಯ ವಿಮೆಯೂ ಇದೇ ಜಾತಿಯದು. ಯಾವ ಕಾಯಿಲೆಗೆ ಹಣ ಉಂಟು, ಯಾವುದಕ್ಕೆ ಇಲ್ಲ ಎಂಬುದನ್ನು ಕಾಯಿಲೆ ಬರುವ ಮೊದಲು ತಿಳಿದಿರಬೇಕು. ಕುಡಿತದ ವಿಷಯದಲ್ಲಂತೂ ಇದು ಬಹಳ ಅವಶ್ಯ. ನಮ್ಮ ರಾಜ್ಯದಲ್ಲಿ 2007ರ ಜುಲೈಯಲ್ಲಿ ಸಾರಾಯಿ ಮಾರಾಟ ನಿಂತಿತು, ಕುಡಿತ ನಿಲ್ಲಲಿಲ್ಲವೆಂಬುದು ನೀವೆಲ್ಲ ಕಂಡ ಸಂಗತಿ.

ಕುಡಿತ ಬಿಡುವುದಕ್ಕೆ ಆಸ್ಪತ್ರೆ ಏತಕ್ಕೆ, ಮನಸ್ಸು ಗಟ್ಟಿ ಇದ್ದರೆ ಸಾಲದೇ ಎಂದು ಹಿರಿಯರು ಕೇಳುವುದುಂಟು. ಸಾಲದು. ವರ್ಷಗಟ್ಟಲೆ ದಿನವೂ ಹೆಚ್ಚಾಗಿ ಕುಡಿದವರ ಮಿದುಳು ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ದೇವರ ಮುಂದೆ ಆಣೆ ಮಾಡಿ ಒಮ್ಮೆಗೇ ನಿಲ್ಲಿಸಿದರೆ ಆರೆಂಟು ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಬಾರದು. ಕೆಲವರಿಗೆ ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಎರಡರಿಂದ ನಾಲ್ಕನೆಯ ದಿನದೊಳಗೆ ಭ್ರಮೆ ಹಿಡಿಯುತ್ತದೆ. ಇಲ್ಲದ ಹಾವು, ಹುಳು ಕಾಣಿಸುತ್ತವೆ, ಮನೆಯವರ ಗುರುತೂ ಸಿಗುವುದಿಲ್ಲ. ಇದನ್ನು ಗಾಳಿ ಸೋಕಿತೆಂದು ಯಂತ್ರ ಕಟ್ಟಿಸುತ್ತ ಕುಳಿತರೆ ಜೀವವೇ ಹೋಗಬಹುದು. ಹಿಂದೆ ಒಮ್ಮೆ ಬಿಟ್ಟಾಗ ಫಿಟ್ಸ್ ಬಂದಿದ್ದವರು, ವಯಸ್ಸಾದವರು, ಬೆಳಗಾಗುತ್ತಲೇ ಕುಡಿಯದಿದ್ದರೆ ಕೈ ನಡುಗುವವರು ಮನೆಯಲ್ಲಿ ಏಕಾಏಕಿ ಬಿಡಲೇಬಾರದು. ಊರಿನ ಮದ್ಯವರ್ಜನ ಶಿಬಿರಕ್ಕೆ ಸೇರುವುದಾದರೂ ಮೊದಲು ವೈದ್ಯರಿಗೆ ತೋರಿಸಿ ಸೇರಬೇಕು.

ಆಸ್ಪತ್ರೆಯಲ್ಲಿ ಮಾಡುವುದು ದೊಡ್ಡ ಗುಟ್ಟಿನ ವಿದ್ಯೆಯೇನಲ್ಲ. ನರಗಳನ್ನು ಶಾಂತಗೊಳಿಸುವ ಔಷಧವನ್ನು ಕೊಟ್ಟು ದಿನದಿಂದ ದಿನಕ್ಕೆ ಇಳಿಸುತ್ತಾರೆ. ಜೊತೆಗೆ ಬಿ-1 ಜೀವಸತ್ವದ ಚುಚ್ಚುಮದ್ದು. ನಾವು ದನಗಳಿಗೆ ಹಾಕುವ ಅಕ್ಕಿ ತೌಡಿನಲ್ಲಿ ಹೇರಳವಾಗಿರುವ ಜೀವಸತ್ವವೇ ಇದು. ಕುಡಿಯುವವರ ಮೈಯಲ್ಲಿ ಬತ್ತಿರುತ್ತದೆ. ಈ ಮದ್ದುಗಳನ್ನು ಅಂಗಡಿಯಿಂದ ತಂದು ಮನೆಯಲ್ಲೇ ಕೊಡಬೇಡಿ.

ಇನ್ನು ಹಣದ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಬಂತು. ಬಿ.ಪಿ.ಎಲ್. ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಎ.ಪಿ.ಎಲ್. ಕುಟುಂಬಕ್ಕೆ ಸರ್ಕಾರದ ದರದಲ್ಲಿ ಶೇಕಡ 30 ಭಾಗ, ವರ್ಷಕ್ಕೆ 1.5 ಲಕ್ಷದವರೆಗೆ. ಮದ್ಯ ಮತ್ತು ಮಾದಕ ವಸ್ತುಗಳಿಂದಾದ ಮಾನಸಿಕ ತೊಂದರೆಗೆ ಒಳರೋಗಿಯಾಗಿ ಪಡೆಯುವ ಚಿಕಿತ್ಸೆ ಆಯುಷ್ಮಾನ್ ಭಾರತದ ರಾಷ್ಟ್ರೀಯ ಪಟ್ಟಿಯಲ್ಲಿದೆ. ಆದರೆ ತಿಂಗಳುಗಟ್ಟಲೆ ಇರಿಸಿಕೊಳ್ಳುವ ವ್ಯಸನಮುಕ್ತಿ ಕೇಂದ್ರದ ಖರ್ಚಿಗೆ ಈ ಕಾರ್ಡನ್ನು ನಂಬಬೇಡಿ. ಮೊದಲು ಹೋಗಬೇಕಾದುದು ಸರ್ಕಾರಿ ಆಸ್ಪತ್ರೆಗೆ. ಅಲ್ಲಿ ಆಗದಿದ್ದರೆ ಅವರೇ ಪತ್ರ ಕೊಟ್ಟು ಮುಂದಕ್ಕೆ ಕಳಿಸುತ್ತಾರೆ. ಯೋಜನೆಯ ಆಸ್ಪತ್ರೆಗಳಲ್ಲಿ ‘ಆರೋಗ್ಯ ಮಿತ್ರ’ ಎಂಬವರಿರುತ್ತಾರೆ. ಸೇರುವ ಮುನ್ನ ಅವರ ಬಳಿ ಕೇಳಿಕೊಳ್ಳಿ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಹಿಡಿಯುವ ಸುರಕ್ಷಾ ವಿಮೆ ಅಪಘಾತದ ಸಾವು ಮತ್ತು ಅಂಗವೈಕಲ್ಯಕ್ಕೆ ಮಾತ್ರ. ಅದನ್ನು ಆಸ್ಪತ್ರೆಯ ವಿಮೆಯೆಂದು ತಿಳಿದವರು ಬಹಳ ಮಂದಿ.

ಖಾಸಗಿ ಕಂಪನಿಯ ಪಾಲಿಸಿ ಇರುವವರು ಇದನ್ನು ಎರಡು ಸಲ ಓದಿ. 2017ರ ಮಾನಸಿಕ ಆರೋಗ್ಯ ಕಾಯಿದೆಯ 21ನೆಯ ಕಲಮು ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆನ್ನುತ್ತದೆ. ಮದ್ಯ, ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಯೂ ಮನಸ್ಸಿನ ಕಾಯಿಲೆಯೇ ಎಂದು ಅದೇ ಕಾಯಿದೆ ಹೇಳುತ್ತದೆ. ಆದರೂ ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಗೊತ್ತುಮಾಡಿದ ಹೊರಗಿಡುವ ಬಾಬುಗಳಲ್ಲಿ 12ನೆಯದು ಮದ್ಯವ್ಯಸನ, ಮಾದಕ ವ್ಯಸನ ಮತ್ತು ಅವುಗಳ ಪರಿಣಾಮಗಳ ಚಿಕಿತ್ಸೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದಂತಿದೆ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಪಾಲಿಸಿಯಲ್ಲಿ ‘ಎಕ್ಸ್‌ಕ್ಲ್ 12’ ಎಂಬ ಗುರುತು ಇದೆಯೇ ಎಂದು ಓದು ಬಲ್ಲ ಮಕ್ಕಳಿಂದ ಹುಡುಕಿಸಿ. ಕಂಪನಿ ಹಣ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆಯಿರಿ. ಮೊದಲು ಕಂಪನಿಗೇ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಅರ್ಜಿ ಹಾಕಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ.

ಈ ನಿಯಮದ ಭಯದಿಂದಲೇ ಒಂದು ಅಪಾಯ ಹುಟ್ಟುತ್ತದೆ. ಕಾಲು ಮುರಿದವನನ್ನು ಆಸ್ಪತ್ರೆಗೆ ಸೇರಿಸುತ್ತಾರೆ. ‘ಕುಡಿಯುತ್ತಾರೆಯೇ’ ಎಂದು ವೈದ್ಯರು ಕೇಳಿದರೆ, ಹಣ ಬಾರದೆಂದೋ ಮಾನ ಹೋಗುತ್ತದೆಂದೋ ಮನೆಯವರು ‘ಇಲ್ಲ’ ಎನ್ನುತ್ತಾರೆ. ಮೂರನೆಯ ದಿನ ರೋಗಿ ಭ್ರಮೆಯಲ್ಲಿ ಎದ್ದು, ಕೈಯ ಸೂಜಿ ಕಿತ್ತು ಓಡಲು ನೋಡುತ್ತಾನೆ. ವೈದ್ಯರು ತಲೆಗೆ ಪೆಟ್ಟಾಗಿದೆಯೋ, ನಂಜೇರಿದೆಯೋ ಎಂದು ಹುಡುಕುತ್ತಿರುವಾಗ ಹೊತ್ತು ಕಳೆಯುತ್ತದೆ. ಎಷ್ಟು ಕುಡಿಯುತ್ತಾರೆ, ಕೊನೆಯ ಸಲ ಕುಡಿದದ್ದು ಯಾವಾಗ, ಈ ಎರಡು ಮಾತು ಮೊದಲೇ ತಿಳಿದಿದ್ದರೆ ಮದ್ದು ಮೊದಲ ದಿನವೇ ಶುರುವಾಗುತ್ತಿತ್ತು. ನಿಜ ಹೇಳಿದರೆ ಖಾಸಗಿ ವಿಮೆಯ ಹಣಕ್ಕೆ ತಕರಾರು ಬರಬಹುದು, ಅದನ್ನು ನಾನು ಮರೆಮಾಚುವುದಿಲ್ಲ. ಆದರೂ ಹೇಳಿ. ಹಣದ ತಕರಾರನ್ನು ಅರ್ಜಿ ಹಾಕಿ ಬಗೆಹರಿಸಿಕೊಳ್ಳಲು ಆಮೇಲೂ ಅವಕಾಶವಿದೆ.

ವಿಮೆಯೇ ಇಲ್ಲದವರೂ ಹೆದರಬೇಕಾಗಿಲ್ಲ. 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಾನಸಿಕ ವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಿದೆ. ನಮ್ಮ ಕಡೆ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯರಿಂದ ತಿಳಿಯಿರಿ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಪ್ರತ್ಯೇಕ ವಿಭಾಗವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಟೆಲಿಮನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಿ ಕನ್ನಡದಲ್ಲಿ ಮಾತಾಡಬಹುದು. ಫಿಟ್ಸ್ ಬಂದರೆ ಅಥವಾ ಭ್ರಮೆ ಕಂಡರೆ ಫೋನಿನಲ್ಲಿ ಸಲಹೆ ಕೇಳುತ್ತ ನಿಲ್ಲದೆ 108ರ ಗಾಡಿ ಕರೆಸಿ.

ಚಿಕಿತ್ಸೆಗೆ ಹೋದರೆ ಪೊಲೀಸರಿಗೆ ತಿಳಿಸುತ್ತಾರೆಯೇ, ಊರಲ್ಲಿ ಸುದ್ದಿಯಾಗುತ್ತದೆಯೇ ಎಂದು ತಾಯಂದಿರು ಅಂಜುತ್ತಾರೆ. ಕುಡಿತ ಬಿಡಲು ಚಿಕಿತ್ಸೆ ಪಡೆಯುವುದು ಅಪರಾಧವಲ್ಲ, ರೋಗಿಯ ವಿಷಯ ಗುಟ್ಟಾಗಿರಬೇಕೆಂಬುದೂ ಆ 2017ರ ಕಾಯಿದೆಯಲ್ಲೇ ಇದೆ. ಹೋಗುವಾಗ ಪಡಿತರ ಚೀಟಿ, ಆಧಾರ್, ಹಳೆಯ ಔಷಧ ಚೀಟಿಗಳನ್ನು ಒಯ್ಯಿರಿ. ಬಿಡುಗಡೆಯಾಗುವಾಗ ಕೊಡುವ ಕಾಗದವನ್ನು ಪಹಣಿಯ ಜೊತೆಯಲ್ಲೇ ಜೋಪಾನವಾಗಿಡಿ, ಮುಂದಿನ ತಪಾಸಣೆಗೆ ಅದು ಬೇಕಾಗುತ್ತದೆ.