ಕಿವಿ ನಂಬಿ ಬಿದ್ದ ವಿಮಾನ

ಒಳಕಿವಿಯ ಅರ್ಧವರ್ತುಲ ನಾಳಗಳನ್ನು ನಾವು 'ಸಮತೋಲನ ಕಾಪಾಡುತ್ತವೆ' ಎಂಬ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ಈ ಸಲ ನಾನು ಒಂದು ಅಪಘಾತದಿಂದ ಶುರು ಮಾಡಿದೆ.

1999ರ ಜುಲೈ 16ರ ರಾತ್ರಿ. ಅಮೆರಿಕದ ಮಾಜಿ ಅಧ್ಯಕ್ಷರ ಮಗ ಜಾನ್ ಎಫ್. ಕೆನಡಿ ಜೂನಿಯರ್, ಒಂದೇ ಎಂಜಿನ್ನಿನ ಪೈಪರ್ ಸಾರಟೋಗಾ ವಿಮಾನವನ್ನು ತಾವೇ ನಡೆಸುತ್ತಾ ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಕಡೆ ಹೊರಟಿದ್ದರು. ಜೊತೆಗೆ ಹೆಂಡತಿ, ಆಕೆಯ ಅಕ್ಕ. ದ್ವೀಪ ಹತ್ತಿರವಾಗುತ್ತಿದ್ದಾಗ ವಿಮಾನ ಬಲಕ್ಕೆ ತಿರುಗುತ್ತಾ, ನಿಮಿಷಕ್ಕೆ 4,700 ಅಡಿಗೂ ಮೀರಿದ ವೇಗದಲ್ಲಿ ಇಳಿದು ಸಮುದ್ರಕ್ಕೆ ಬಿತ್ತು. ಮೂವರೂ ಉಳಿಯಲಿಲ್ಲ.

ಯಾಕಿರಬಹುದು? "ಎಂಜಿನ್ ಕೆಟ್ಟಿರ್ಬೇಕು ಸಾರ್", "ರೆಕ್ಕೆ ಮುರಿದಿರ್ಬೇಕು" ಅಂದರು ಮಕ್ಕಳು. ಆದರೆ ಬೀಳುವ ಮೊದಲೇ ಯಂತ್ರ ಕೆಟ್ಟಿದ್ದರ ಗುರುತು ತನಿಖೆಯಲ್ಲಿ ಸಿಗಲಿಲ್ಲ. ಕತ್ತಲು, ಮಬ್ಬು, ಕೆಳಗೆ ಬರೀ ನೀರು. ಮಾಪಕಗಳನ್ನಷ್ಟೇ ನೋಡಿ ಹಾರಿಸುವ ಅರ್ಹತೆ ಅವರಿಗಿರಲಿಲ್ಲ. ಯಾವುದು ಮೇಲೆ, ಯಾವುದು ಕೆಳಗೆ ಎಂಬ ಭ್ರಮೆಯಿಂದ ನಿಯಂತ್ರಣ ತಪ್ಪಿತು ಎಂದು ತನಿಖೆ ತೀರ್ಮಾನಿಸಿತು.

ಈ ಭ್ರಮೆ ಹೇಗೆ ಹುಟ್ಟುತ್ತದೆಂದು ತೋರಿಸಲು ತಿರುಗುವ ಕುರ್ಚಿ ಬೇಕು. (ನಮ್ಮಲ್ಲಿ ಇರೋದು ಒಂದೇ, ಹೆಡ್ಮಾಸ್ಟರದ್ದು. ಕೇಳಿ ತಂದೆ.) ಕುರ್ಚಿಯ ನಡುವೆ ಗಾಜಿನ ಲೋಟದಲ್ಲಿ ನೀರಿಟ್ಟು ಮರದ ಪುಡಿ ಉದುರಿಸಿ. ಲೋಟದ ಮೇಲೊಂದು ಗೆರೆ ಎಳೆದಿರಿ. ಕುರ್ಚಿ ತಿರುಗಿಸಿದರೆ ಗೆರೆ ಮುಂದೆ ಹೋಗುತ್ತದೆ, ಪುಡಿ ಹಿಂದುಳಿಯುತ್ತದೆ: ಜಡತ್ವ. ಒಂದೇ ವೇಗದಲ್ಲಿ ತಿರುಗಿಸುತ್ತಲೇ ಇದ್ದರೆ ನೀರೂ ಲೋಟದ ಜೊತೆ ಸೇರಿಕೊಳ್ಳುತ್ತದೆ. ನಿಲ್ಲಿಸಿದಾಗ ನೀರು ಮಾತ್ರ ತಿರುಗುತ್ತಿರುತ್ತದೆ.

ನಾಳದೊಳಗಿನ ದ್ರವವೂ ಹೀಗೇ. ಅದು ಹಿಂದುಳಿದಾಗ ಮಾತ್ರ ಸಂವೇದನಾ ರೋಮಗಳು ಬಾಗಿ ಮಿದುಳಿಗೆ ಸುದ್ದಿ ಹೋಗುತ್ತದೆ. ಆಮೇಲೆ ಒಬ್ಬ ಹುಡುಗನನ್ನು ಕಣ್ಣು ಕಟ್ಟಿ ಕೂರಿಸಿ ನಿಧಾನವಾಗಿ ಒಂದೇ ಸಮನೆ ತಿರುಗಿಸಿದೆ. ಅರ್ಧ ನಿಮಿಷದಲ್ಲಿ "ನಿಂತಿತು ಸಾರ್" ಅಂದ. ಕುರ್ಚಿ ತಿರುಗುತ್ತಲೇ ಇತ್ತು! ನಿಲ್ಲಿಸಿದಾಗ "ಈಗ ಉಲ್ಟಾ ತಿರುಗ್ತಿದೆ" ಅಂದ. (ತಲೆಸುತ್ತು, ಫಿಟ್ಸ್ ಇರುವ ಮಕ್ಕಳು ಬೇಡ, ಇಬ್ಬರು ಪಕ್ಕದಲ್ಲಿ ಹಿಡಿದಿರಲಿ.)

ವಿಮಾನದಲ್ಲೂ ಹಾಗೆಯೇ. ನಿಧಾನವಾಗಿ ವಾಲಿದರೆ ಕಿವಿಗೆ ಗೊತ್ತೇ ಆಗುವುದಿಲ್ಲ. ವಾಲಿದ ರೆಕ್ಕೆಯ ಎತ್ತುವ ಬಲದಲ್ಲಿ ಒಂದು ಪಾಲು ತಿರುವಿಗೆ ಹೋಗಿ, ತೂಕ ಹೊರುವ ಪಾಲು ಕಡಿಮೆಯಾಗುತ್ತದೆ, ಎತ್ತರ ಇಳಿಯುತ್ತದೆ. ರೆಕ್ಕೆ ನೇರವಾಗಿದೆ ಎಂದೇ ನಂಬಿದ ಪೈಲಟ್ ಮೂತಿ ಮೇಲೆತ್ತಲು ಹಿಡಿ ಎಳೆದರೆ, ಸುರುಳಿ ಇನ್ನಷ್ಟು ಬಿಗಿಯಾಗುತ್ತದೆ.

"ಹಾಗಾದ್ರೆ ಕಣ್ಣು ಮುಚ್ಚಿ ಕೂತ್ರೆ ನಾವೂ ಬಸ್ಸಿನ ತಿರುವು ಕಂಡುಹಿಡಿಯೋಕಾಗಲ್ವಾ?" ಎಂದು ಒಬ್ಬಳು ಕೇಳಿದಳು. ಮನೆಗೆ ಹೋಗುವಾಗ ಪರೀಕ್ಷಿಸಿ ಬಾ ಎಂದಿದ್ದೇನೆ.