ಟೈರಿನ ವಾರಂಟಿಯೂ ಮಳೆಯ ಲೆಕ್ಕವೂ

ಅಮೆರಿಕದ ಟೈರ್ ಅಂಗಡಿಯಲ್ಲಿ ಬೆಲೆಗಿಂತ ಮೊದಲು ಕಣ್ಣಿಗೆ ಬೀಳುವುದು ಮೈಲಿ. 60,000, 70,000, 80,000 ಎಂದು ದಪ್ಪಕ್ಷರದಲ್ಲಿ ಬರೆದು ಟೈರಿನ ಎದೆಗೇ ಅಂಟಿಸಿರುತ್ತಾರೆ. ಊರಿನಿಂದ ಬಂದ ನಮ್ಮಂಥವರಿಗೆ ಆ ಅಂಕಿ ಬಲು ಬೇಗ ಹಿಡಿಸುತ್ತದೆ. ಬಾಳಿಕೆ ಬರುವ ಸಾಮಾನಿಗೆ ನಾಲ್ಕು ಕಾಸು ಹೆಚ್ಚಾದರೂ ಸರಿ ಎನ್ನುವ ಮಾತು ಕೇಳುತ್ತಲೇ ಬೆಳೆದವರು ನಾವು. ಆದರೆ ಟೈರಿನ ಮಟ್ಟಿಗೆ ಆ ಅಂಕಿಯನ್ನು ನೆಚ್ಚಿಕೊಂಡು ದುಡ್ಡು ಬಿಚ್ಚಬಾರದು. ಓಹಾಯೊದ ಈಶಾನ್ಯ ಮೂಲೆಯಲ್ಲಿ ಮಳೆ, ಹಿಮ, ಬಿಸಿಲು ಮೂರರಲ್ಲೂ ವರ್ಷಗಟ್ಟಲೆ ಕಾರು ಓಡಿಸಿ, ಸುತ್ತಲಿನ ಕನ್ನಡದ ಮನೆಗಳ ಟೈರು ಖರ್ಚನ್ನೂ ಕೇಳಿ ತಿಳಿದ ಮೇಲೆ ಇದನ್ನು ಧೈರ್ಯವಾಗಿ ಹೇಳುತ್ತಿದ್ದೇನೆ.

ಇಲ್ಲಿ ಸೆಡಾನ್, ಮಿನಿವ್ಯಾನ್, ಸಣ್ಣ ಎಸ್‌ಯುವಿಗಳಿಗೆ ಸಾಮಾನ್ಯವಾಗಿ ಹಾಕುವುದು ಆಲ್-ಸೀಸನ್ ಟೂರಿಂಗ್ ಟೈರು. ಸದ್ದು ಕಡಿಮೆ, ಕುಲುಕಾಟ ಕಡಿಮೆ, ಸವೆತ ನಿಧಾನ, ವರ್ಷವಿಡೀ ಒಂದೇ ಜೊತೆ ಸಾಕು. ನಾವಿರುವುದು ಕ್ಲೀವ್‌ಲ್ಯಾಂಡಿನ ಹೊರವಲಯದಲ್ಲಿ. ದಕ್ಷಿಣಕ್ಕೆ ಸ್ವಲ್ಪ ಹೋದರೆ ಆಕ್ರನ್. ಗುಡ್‌ರಿಚ್, ಗುಡ್‌ಇಯರ್, ಫೈರ್‌ಸ್ಟೋನ್, ಜನರಲ್ ನಾಲ್ಕೂ ಬೆಳೆದದ್ದು ಆ ಒಂದೇ ಊರಿನಲ್ಲಿ. ಮೈಸೂರಿನ ಕೆಆರ್‌ಎಸ್ ರಸ್ತೆಯಲ್ಲಿ ವಿಕ್ರಾಂತ್ ಟೈರು ಕಾರ್ಖಾನೆಯ ಮುಂದೆ ಓಡಾಡಿಕೊಂಡು ದೊಡ್ಡವಳಾದ ನನಗೆ ಆಕ್ರನ್ ಮೊದಲ ದಿನದಿಂದಲೂ ಅಪರಿಚಿತ ಊರು ಅನ್ನಿಸಲಿಲ್ಲ. 1977ರಲ್ಲಿ ಗುಡ್‌ಇಯರ್ ಕಂಪನಿ ಟಿಯೆಂಪೊ ಎಂಬ ಆಲ್-ಸೀಸನ್ ಟೈರನ್ನು ಮಾರುಕಟ್ಟೆಗೆ ಬಿಟ್ಟಿತು. ಬೇಸಿಗೆಗೊಂದು, ಚಳಿಗಾಲಕ್ಕೊಂದು ಎಂದು ಎರಡು ಜೊತೆ ಇಟ್ಟುಕೊಂಡು ವರ್ಷಕ್ಕೆರಡು ಸಲ ಬದಲಿಸುವ ಪದ್ಧತಿ ಆಮೇಲೆ ಬರಬರುತ್ತಾ ಕಡಿಮೆಯಾಯಿತು.

ಎಲ್ಲ ಕಾಲಕ್ಕೂ ಆಗಬೇಕೆಂದರೆ ಎಲ್ಲದರಲ್ಲೂ ಒಂದಿಷ್ಟು ಬಿಟ್ಟುಕೊಡಲೇಬೇಕು. ಬೇಸಿಗೆಯ ಟೈರಿನ ರಬ್ಬರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗುತ್ತಾ ಹೋಗಿ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರು ಜುಲೈ ಬಿಸಿಲಿನಲ್ಲಿ ಮೆತ್ತಗಾಗಿ ಬೇಗ ಸವೆಯುತ್ತದೆ. ಆಲ್-ಸೀಸನ್ ಇವೆರಡರ ನಡುವಿನದು. ಹಾಗಾಗಿ ಒಂದೇ ಟೈರಿನ ಬಗ್ಗೆ ಒಬ್ಬೊಬ್ಬರು ಒಂದೊಂದು ಮಾತು ಹೇಳುತ್ತಾರೆ, ಯಾರ ಮಾತೂ ಸುಳ್ಳಲ್ಲ. ಡಲ್ಲಾಸ್‌ನಲ್ಲಿರುವ ನನ್ನ ಮೈದುನನಿಗೆ ಅದು ಸಾಕೋ ಸಾಕು. ಕೊಲಂಬಸ್‌ನ ಗೆಳತಿ, ರಸ್ತೆಗೆ ಉಪ್ಪು ಸುರಿಯುವವರೆಗೆ ಎರಡು ಗಂಟೆ ಕಾದು ಹೊರಟರೆ ಯಾವ ತೊಂದರೆಯೂ ಇಲ್ಲ ಎನ್ನುತ್ತಾಳೆ. ಈರಿ ಸರೋವರದ ಮೇಲಿಂದ ಬೀಸುವ ಗಾಳಿ ಹಿಮವನ್ನು ತಂದು ಸುರಿಯುವ ಚಾರ್ಡನ್ ಕಡೆ ಮನೆ ಮಾಡಿರುವ ಹಾಸನದ ದಂಪತಿಯದು ಬೇರೆ ಕಥೆ. ಹೊಸತರಲ್ಲಿ ಮನೆಯ ಮುಂದಿನ ಏರನ್ನು ಸಲೀಸಾಗಿ ಹತ್ತುತ್ತಿದ್ದ ಅದೇ ಟೈರು ಮೂರನೆಯ ಚಳಿಗಾಲಕ್ಕೆ ನಿಂತಲ್ಲೇ ತಿರುಗತೊಡಗಿತಂತೆ.

ಹೀಗಾಗುವುದಕ್ಕೆ ಕಾರಣ ಟೈರಿನ ಮೇಲೆಯೇ ಕಾಣುತ್ತದೆ. ಅಚ್ಚಿನ (ಟ್ರೆಡ್) ದಿಮ್ಮಿಗಳ ಮೇಲೆ ಬ್ಲೇಡಿನಲ್ಲಿ ಕೊಯ್ದಂತೆ ಸಣ್ಣ ಸೀಳುಗಳಿರುತ್ತವೆ. ಹಿಮವನ್ನು ಕಚ್ಚಿ ಹಿಡಿಯುವುದು ಆ ಸೀಳುಗಳೇ. ಟೈರು ಸವೆದಂತೆ ಅವು ಆಳ ಕಳೆದುಕೊಳ್ಳುತ್ತವೆ, ಕೆಲವು ಪೂರ್ತಿ ಅಳಿಸಿಯೇ ಹೋಗುತ್ತವೆ. ಕಾಂಟಿನೆಂಟಲ್ ಕಂಪನಿಯ ಕೆಲವು ಟೈರುಗಳ ಅಚ್ಚಿನಲ್ಲಿ ಡಿ, ಡಬ್ಲ್ಯೂ, ಎಸ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಕೊರೆದಿರುತ್ತಾರೆ. ಮೊದಲು ಮಾಯವಾಗುವುದು ಎಸ್. ಅಂದರೆ ಇನ್ನು ಹಿಮಕ್ಕೆ ಇದು ಆಗದು. ಆಮೇಲೆ ಡಬ್ಲ್ಯೂ ಹೋಗುತ್ತದೆ, ಮಳೆಗೂ ಆಗದು ಎಂದರ್ಥ. ಕೊನೆಯವರೆಗೆ ಉಳಿಯುವುದು ಒಣ ರಸ್ತೆಯ ಡಿ ಮಾತ್ರ. ಪಾರ್ಕಿಂಗ್ ಜಾಗದಲ್ಲಿ ಮಂಡಿಯೂರಿ ಮೊಬೈಲಿನ ಬೆಳಕು ಬಿಟ್ಟು ನೋಡಿದರೆ ಯಾವ ಅಕ್ಷರ ಉಳಿದಿದೆ ಎಂದು ಮಕ್ಕಳೂ ಹೇಳಬಲ್ಲರು. ಇದನ್ನು ಪ್ರತಿ ಟೈರಿನ ಮೇಲೂ ಕಡ್ಡಾಯ ಮಾಡಬೇಕು ಎಂಬುದು ನನ್ನ ಆಸೆ.

ಇನ್ನು ವಾರಂಟಿಗೆ ಬರೋಣ. ತುಮಕೂರಿನ ಕಡೆಯ ಹುಡುಗನೊಬ್ಬ ಇಲ್ಲಿ ಕೆಲಸಕ್ಕೆ ಸೇರಿ ಮೊದಲ ಸಲ ನಾಲ್ಕು ಟೈರು ಹಾಕಿಸಿಕೊಂಡು ಬಂದಿದ್ದ. “ಅಕ್ಕಾ, ಎಂಬತ್ತು ಸಾವಿರ ಮೈಲಿ ಅಂತ ಬರ್ಕೊಟ್ಟಿದಾರೆ. ಅಲ್ಲೀವರೆಗೂ ನಾನ್ಯಾಕೆ ತಲೆ ಕೆಡಿಸ್ಕೊಳ್ಳಲಿ?” ಎಂದ. ಇಬ್ಬರೂ ಕೂತು ಆ ಕಾಗದವನ್ನು ಪೂರ್ತಿ ಓದಿದೆವು. ಟೈರು ಇಂಚಿನ 2/32 ಭಾಗಕ್ಕೆ, ಅಂದರೆ 1.6 ಮಿ.ಮೀ.ಗೆ ಸವೆದಿರಬೇಕು. ನಾಲ್ಕೂ ಕಡೆ ಸಮನಾಗಿ ಸವೆದಿರಬೇಕು. ಮೊದಲು ಕೊಂಡವರ ಹೆಸರಿನಲ್ಲೇ, ಮೊದಲು ಹಾಕಿದ ಕಾರಿನಲ್ಲೇ ಇರಬೇಕು. ಇಷ್ಟಿಷ್ಟು ಸಾವಿರ ಮೈಲಿಗೊಮ್ಮೆ ಹಿಂದಿನದು ಮುಂದಕ್ಕೆ, ಮುಂದಿನದು ಹಿಂದಕ್ಕೆ ಹಾಕಿಸಿದ್ದಕ್ಕೆ ರಸೀದಿ ಇರಬೇಕು. ನನ್ನ ಪರಿಚಯದ ಒಂದು ಕುಟುಂಬಕ್ಕೆ ಎರಡು ರಸೀದಿ ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಅಂಗಡಿಯವರು ಕೈಯಾಡಿಸಿಬಿಟ್ಟರು.

ಎಲ್ಲ ಸರಿಯಿದ್ದರೂ ಕೈಗೆ ಬರುವುದೆಷ್ಟು? 180 ಡಾಲರಿನ ಟೈರು 80,000ದ ಬದಲು 56,000 ಮೈಲಿಗೇ ಸವೆಯಿತು ಎನ್ನಿ. ಬಳಸಿದ್ದು 70 ಪಾಲು, ಉಳಿದದ್ದು 30. ಆ 30 ಪಾಲು, ಅಂದರೆ 54 ಡಾಲರನ್ನು ಅದೇ ಕಂಪನಿಯ ಮುಂದಿನ ಟೈರಿನ ಬೆಲೆಯಲ್ಲಿ ಕಳೆಯುತ್ತಾರೆ. ನಗದು ಕೊಡುವುದಿಲ್ಲ. ಹಾಕುವ ಕೂಲಿ, ಬ್ಯಾಲೆನ್ಸಿಂಗ್, ತೆರಿಗೆ ಮತ್ತೆ ನಮ್ಮ ಜೇಬಿನದೇ. ಹೊಸ ಕಾರಿನ ಜೊತೆ ಬಂದ ಟೈರಿಗೆ ಬಹಳ ಸಲ ಈ ಮೈಲಿ ವಾರಂಟಿಯೇ ಇರುವುದಿಲ್ಲ ಎಂಬುದನ್ನೂ ನೆನಪಿಡಿ.

ನನ್ನನ್ನು ನಿಜಕ್ಕೂ ಕಾಡುವುದು ಆ 2/32 ಎಂಬ ಷರತ್ತು. ಹೊಸ ಟೂರಿಂಗ್ ಟೈರಿನ ಅಚ್ಚು ಸುಮಾರು 10/32 ಇಂಚು ಆಳ ಇರುತ್ತದೆ. ಟೈರ್ ರ್‍ಯಾಕ್ ಎಂಬ ಮಾರಾಟ ಸಂಸ್ಥೆ ಒದ್ದೆ ರಸ್ತೆಯಲ್ಲಿ ಗಂಟೆಗೆ 70 ಮೈಲಿ ವೇಗದಿಂದ ಬ್ರೇಕ್ ಹಾಕಿ ಪರೀಕ್ಷೆ ಮಾಡಿತ್ತು. ಹೊಸ ಟೈರಿನ ಕಾರು ಸುಮಾರು 195 ಅಡಿಯಲ್ಲಿ ನಿಂತಿತು. 4/32ಕ್ಕೆ ಸವೆದ ಟೈರಿಗೆ ಸುಮಾರು 290 ಅಡಿ ಬೇಕಾಯಿತು. 2/32ಕ್ಕೆ ಸವೆದದ್ದಕ್ಕೆ ಹತ್ತಿರ ಹತ್ತಿರ 380 ಅಡಿ. ಮೊದಲ ಕಾರು ನಿಂತ ಜಾಗವನ್ನು ಕೊನೆಯ ಕಾರು ಇನ್ನೂ ಹೆದ್ದಾರಿಯ ವೇಗದಲ್ಲೇ ದಾಟಿ ಹೋಗುತ್ತಿತ್ತು. ಕ್ಲೀವ್‌ಲ್ಯಾಂಡಿನಿಂದ ಕೊಲಂಬಸ್‌ಗೆ ಹೋಗುವ ಐ-71 ಹೆದ್ದಾರಿಯಲ್ಲಿ ಏಪ್ರಿಲ್ ಮಳೆಯಲ್ಲಿ ಲಾರಿಗಳ ನಡುವೆ ಓಡಿಸಿದವರಿಗೆ ಆ 185 ಅಡಿಯ ಅಂತರ ಏನೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ವಾರಂಟಿಯ ಹಣ ಬೇಕೆಂದರೆ 2/32ರವರೆಗೆ ಓಡಿಸಬೇಕು. ಮಳೆಯಲ್ಲಿ ನಿಲ್ಲಬೇಕೆಂದರೆ 4/32ಕ್ಕೇ ಬಿಚ್ಚಿಸಬೇಕು. ಎರಡೂ ಒಟ್ಟಿಗೆ ಸಿಗುವುದಿಲ್ಲ. ನಾನು ಮಾಡುವ ಲೆಕ್ಕ ಇಷ್ಟೇ: ಅಂಟಿಸಿದ ಮೈಲಿಯಲ್ಲಿ ಮುಕ್ಕಾಲು ಪಾಲು ಮಾತ್ರ ನಮ್ಮದು. 10/32ರಿಂದ 2/32ರವರೆಗಿನ ಎಂಟು ಪಾಲು ರಬ್ಬರಿನಲ್ಲಿ ಆರು ಬಳಸಿ, ಎರಡು ಬಿಟ್ಟುಬಿಡುವುದು. 80,000 ಎಂದಿದ್ದರೆ 60,000.

ಈ ಲೆಕ್ಕದಲ್ಲಿ ಬೆಲೆ ತೂಗಿ ನೋಡಿ. ಒಂದಕ್ಕೆ 200 ಡಾಲರಿನಂತೆ ನಾಲ್ಕು, ಹಾಕಿಸುವ ಖರ್ಚು 120, ಒಟ್ಟು 920 ಡಾಲರ್. 60,000 ಮೈಲಿಗೆ ಹಂಚಿದರೆ ಸಾವಿರ ಮೈಲಿಗೆ 15 ಡಾಲರ್ ಚಿಲ್ಲರೆ. ಈಗ ಒಂದಕ್ಕೆ 120 ಡಾಲರಿನ, 50,000 ಮೈಲಿಯ ಟೈರು. ಹಾಕಿಸುವ ಖರ್ಚು ಸೇರಿ 600. ಮುಕ್ಕಾಲು ಲೆಕ್ಕದಲ್ಲಿ 37,500 ಮೈಲಿ, ಸಾವಿರಕ್ಕೆ 16 ಡಾಲರ್. ಸೋವಿ ಅಂದುಕೊಂಡದ್ದು ಸೋವಿಯಲ್ಲ, ದುಬಾರಿ ಅಂದುಕೊಂಡದ್ದು ದುಬಾರಿಯಲ್ಲ. ಎರಡೂ ಒಂದೇ ಖರ್ಚು ಎಂದಾದ ಮೇಲೆ ಆರಿಸಬೇಕಾದದ್ದು ಮಳೆಯ ಹಿಡಿತ ನೋಡಿ.

ಇದೆಲ್ಲ ವರ್ಷಕ್ಕೆ 12,000 ಮೈಲಿ ಓಡಿಸುವವರ ಮಾತು. ಮನೆಯಿಂದಲೇ ಕೆಲಸ ಮಾಡುತ್ತಾ ವರ್ಷಕ್ಕೆ 5,000 ಮೈಲಿಯೂ ದಾಟದವರು 80,000ದ ಟೈರಿಗೆ ಹೆಚ್ಚು ಹಣ ಕೊಡುವುದು ದಂಡ. ಓಡಿಸಲಿ ಬಿಡಲಿ ರಬ್ಬರಿಗೆ ವಯಸ್ಸಾಗುತ್ತದೆ. ಆರು ವರ್ಷ ದಾಟಿದರೆ ಬಿರುಕು ಬಿಟ್ಟಿದೆಯೇ ಎಂದು ನೋಡಿಸಬೇಕು, ಹತ್ತಕ್ಕಂತೂ ತೆಗೆಯಲೇಬೇಕು. ಹಲವು ಕಂಪನಿಗಳ ವಾರಂಟಿಗೂ ವರ್ಷದ ಮಿತಿ ಇದೆ. ಟೈರಿನ ಪಕ್ಕದ ಗೋಡೆಯ ಮೇಲೆ ಡಾಟ್ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2224 ಎಂದಿದ್ದರೆ 2024ರ 22ನೇ ವಾರದಲ್ಲಿ ತಯಾರಾದದ್ದು. ಕೂಲಿ ಕೊಡುವ ಮೊದಲು, ಟೈರು ಕಾರಿಗೆ ಏರುವ ಮೊದಲು ಇದನ್ನು ನೋಡಿಕೊಳ್ಳುವುದು ಗಿರಾಕಿಯ ಹಕ್ಕು. ಇದಕ್ಕೆ ಮುಜುಗರ ಪಡಬೇಡಿ.

ಪಕ್ಕದ ಗೋಡೆಯಲ್ಲಿ ಇನ್ನೂ ಎರಡು ಗುರುತಿವೆ. ಎಂ+ಎಸ್ ಎಂಬುದು ಕೆಸರು, ಹಿಮಕ್ಕೆ ತಕ್ಕ ಅಚ್ಚಿದೆ ಎಂದು ಹೇಳುತ್ತದೆ, ಅಷ್ಟೇ. ಪರೀಕ್ಷೆಯಲ್ಲಿ ಪಾಸಾಗಿದೆ ಎಂದಲ್ಲ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹೂವಿನ ಚಿತ್ರವಿದ್ದರೆ ಆ ಟೈರು ಹಿಮದ ಮೇಲಿನ ಪರೀಕ್ಷೆ ಗೆದ್ದಿದೆ. ಅಂಥ ಚಿತ್ರವಿದ್ದೂ ವರ್ಷವಿಡೀ ಹಾಕಿಕೊಳ್ಳಬಹುದಾದ ಟೈರನ್ನು ಇಲ್ಲಿ ಆಲ್-ವೆದರ್ ಎನ್ನುತ್ತಾರೆ. ಮಿಶೆಲಿನ್ ಕ್ರಾಸ್‌ಕ್ಲೈಮೇಟ್ 2, ಗುಡ್‌ಇಯರ್ ವೆದರ್‌ರೆಡಿ ಈ ಜಾತಿಯವು. ನಮ್ಮ ಅಪೋಲೊ ಕಂಪನಿ 2009ರಲ್ಲಿ ಕೊಂಡ ನೆದರ್ಲೆಂಡ್ಸ್‌ನ ವ್ರೆಡೆಸ್ಟೈನ್ ಕೂಡ ಇಂಥದ್ದನ್ನು ಇಲ್ಲಿ ಮಾರುತ್ತದೆ. ಸರೋವರದ ಪೂರ್ವ ದಡದವರಿಗೆ, ಎರಡು ಜೊತೆ ಇಡಲು ಜಾಗವಿಲ್ಲದ ಅಪಾರ್ಟ್‌ಮೆಂಟಿನವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ. ಹಾಸನದ ದಂಪತಿ ಈಗ ಇದನ್ನೇ ಹಾಕಿಸಿದ್ದಾರೆ. ಸದ್ದು ಸ್ವಲ್ಪ ಜಾಸ್ತಿ, ಏರು ಮಾತ್ರ ನಿರಾಳ ಎನ್ನುತ್ತಾರೆ.

ಕೈಬಿಗಿ ಇರುವವರು ಹೆಸರಿಲ್ಲದ ಟೈರಿಗೆ ಹೋಗುವ ಬದಲು ದೊಡ್ಡ ಕಂಪನಿಗಳ ಎರಡನೆಯ ಹೆಸರನ್ನು ಕೇಳಿ. ಜನರಲ್ ಈಗ ಕಾಂಟಿನೆಂಟಲ್‌ನದು, ಫೈರ್‌ಸ್ಟೋನ್ ಬ್ರಿಜ್‌ಸ್ಟೋನ್‌ನದು, ಯುನಿರಾಯಲ್ ಮತ್ತು ಬಿಎಫ್‌ಗುಡ್‌ರಿಚ್ ಮಿಶೆಲಿನ್‌ನವು, 2021ರಿಂದ ಕೂಪರ್ ಗುಡ್‌ಇಯರ್‌ನದು. ನಮ್ಮ ಬಳಗದಲ್ಲಿ ಜನರಲ್ ಹಾಕಿಸಿದವರು ತೃಪ್ತಿಯಿಂದಲೇ ಇದ್ದಾರೆ.

ಒಳ್ಳೆಯ ಟೈರು ಹಾಕಿಸಿ ಗಾಳಿ ನೋಡದಿದ್ದರೆ ದುಡ್ಡು ನೀರಿಗೆ ಹಾಕಿದಂತೆ. ಹವೆ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಗಾಳಿ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಸೆಪ್ಟೆಂಬರಿನ 70 ಡಿಗ್ರಿಯಲ್ಲಿ 33 ಹಾಕಿಸಿದ್ದು ಜನವರಿಯ 10 ಡಿಗ್ರಿಗೆ 27 ಆಗಿರುತ್ತದೆ. ಕಾರಿನ ಎಚ್ಚರಿಕೆಯ ದೀಪ ಹೊತ್ತಿಕೊಳ್ಳಲೇಬೇಕಾದದ್ದು ಹೇಳಿದ್ದಕ್ಕಿಂತ ಕಾಲು ಭಾಗ ಇಳಿದಾಗ, ಅಂದರೆ 25ರ ಹತ್ತಿರ. ಅಲ್ಲಿಯವರೆಗೆ ಟೈರಿನ ಎರಡು ಅಂಚುಗಳು ಸದ್ದಿಲ್ಲದೆ ಸವೆಯುತ್ತಿರುತ್ತವೆ. ಅಂಚು ಸವೆದರೆ ‘ಸಮನಾಗಿ ಸವೆದಿರಬೇಕು’ ಎಂಬ ಷರತ್ತು ಮುರಿದು ವಾರಂಟಿಯೂ ಹೋಗುತ್ತದೆ. ತಿಂಗಳಿಗೊಮ್ಮೆ ಬೆಳಗ್ಗೆ ಕಾರು ಹೊರಡಿಸುವ ಮೊದಲು ಗೇಜ್ ಹಿಡಿದು ನೋಡಿ. ಗೇಜಿಗೆ ಹತ್ತು ಡಾಲರೂ ಆಗುವುದಿಲ್ಲ.

ಊರಿನ ಓದುಗರಿಗೂ ಒಂದು ಮಾತು. ನಮ್ಮಲ್ಲೂ ಕಾನೂನಿನ ಮಿತಿ ಅದೇ 1.6 ಮಿ.ಮೀ. ಹಿಮದ ಗೊಡವೆ ನಿಮಗಿಲ್ಲ, ಆದರೆ ಜುಲೈನಲ್ಲಿ ಶಿರಾಡಿ ಇಳಿಯುವವರಿಗೆ, ಆಗುಂಬೆಯ ತಿರುವಿನಲ್ಲಿ ಬ್ರೇಕ್ ಒತ್ತುವವರಿಗೆ ಅಚ್ಚಿನ ಆಳ ನಮಗಿಂತ ಹೆಚ್ಚು ಬೇಕು. 3 ಮಿ.ಮೀ.ಗೆ ಬಂದ ಟೈರನ್ನು ‘ಇನ್ನೊಂದು ಮಳೆಗಾಲ ಓಡುತ್ತೆ ಬಿಡಿ’ ಎಂದು ಯಾರೇ ಹೇಳಿದರೂ ಕೇಳಬೇಡಿ. ಮೇ ತಿಂಗಳಲ್ಲೇ ಬದಲಿಸಿ. ತಯಾರಾದ ವಾರದ ಅಂಕಿ ಅಲ್ಲಿನ ಟೈರುಗಳ ಮೇಲೂ ಇರುತ್ತದೆ.

ನಮ್ಮ ಮನೆಯಲ್ಲಿ ಈ ಸಲ ಎರಡು ಕಾರಿಗೂ ಟೈರು ಹಾಕಿಸುವ ಸರದಿ. ಹೆಚ್ಚು ಓಡದ ನನ್ನ ಕಾರಿಗೆ ಮಧ್ಯಮ ಬೆಲೆಯ ಆಲ್-ಸೀಸನ್ ಸಾಕೆಂದು ತೀರ್ಮಾನಿಸಿದೆವು. ಮಗಳು ಕೊಲಂಬಸ್‌ನಲ್ಲಿ ಓದುತ್ತಾಳೆ, ರಜೆ ಸಿಕ್ಕಾಗಲೆಲ್ಲ ಐ-71ರಲ್ಲಿ ಒಬ್ಬಳೇ ಬರುತ್ತಾಳೆ. ಅವಳ ಕಾರಿಗೆ ಹಿಮದ ಹೂವಿನ ಗುರುತಿರುವ, 60,000 ಮೈಲಿಯ ಆಲ್-ವೆದರ್. ಒಟ್ಟು 880 ಡಾಲರ್ ಆಯಿತು. ಮುಕ್ಕಾಲು ಲೆಕ್ಕ ಹಿಡಿದರೆ 45,000 ಮೈಲಿ, ಸಾವಿರಕ್ಕೆ ಸುಮಾರು 20 ಡಾಲರ್. ಅವಳು ತಿಂಗಳಿಗೆ ಓಡಿಸುವುದೂ ಹೆಚ್ಚುಕಡಿಮೆ ಸಾವಿರ ಮೈಲಿಯೇ. ಹಾಗಾಗಿ ಮುಂದಿನ ಜೊತೆಗೆಂದು ತಿಂಗಳಿಗೆ 20 ಡಾಲರ್ ಈಗಿನಿಂದಲೇ ಬೇರೆ ಖಾತೆಗೆ ಹೋಗುವಂತೆ ಮಾಡಿದ್ದೇವೆ. ಅಚ್ಚು 4/32ಕ್ಕೆ ಬಂದ ದಿನ ಹಣ ಸಿದ್ಧವಿರುತ್ತದೆ. ಗೇಜ್ ಅವಳ ಕಾರಿನಲ್ಲೇ ಇದೆ, ಓದುವುದನ್ನೂ ಕಲಿತಿದ್ದಾಳೆ.